ಉಳಿದದ್ದು ಒಂದೇ ಸಲ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಪೂಜೆಯ ಕೋಣೆಗೆ ಬೀಗವಿರಲಿಲ್ಲ. ಬೀಗವಿದ್ದದ್ದು ಕಂಪ್ಯೂಟರ್ ಇಟ್ಟ ಕೋಣೆಗೆ.

ಆ ಕಂಪ್ಯೂಟರಿನೊಳಗೆ, ಪಾಸ್‌ವರ್ಡ್ ಹಾಕಿದ ಒಂದು ಫೈಲಿನ ಪೆಟ್ಟಿಗೆಯಲ್ಲಿ, ಹದಿನೇಳು ಮನೆತನಗಳ ಮದ್ದಿನ ಓಲೆಗರಿಗಳ ಪ್ರತಿ ಇತ್ತು. ಪ್ರತಿ ಎಂದರೆ ಒಂದೇ ಪ್ರತಿ.

ಮನೆತನದವರೆಲ್ಲ ಹಳ್ಳಿ ವೈದ್ಯರು. ಕೆಲವರು ಮನುಷ್ಯರಿಗೆ ಮದ್ದು ಕೊಡುವವರು, ಕೆಲವರು ದನಕರುಗಳಿಗೆ. ಅವರ ಗರಿಗಳು ಹುಳು ತಿಂದು, ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂದಿದ್ದವು. ಅವನ್ನು ಓದಿ ಕಂಪ್ಯೂಟರಿಗೆ ಏರಿಸಿಕೊಡುವುದಾಗಿ ಆಶ್ರಮದ ಗುರು ಮರುಳಯ್ಯನವರು ಒಪ್ಪಿಕೊಂಡರು.

ವೈದ್ಯರು ಸುಲಭಕ್ಕೆ ಬಗ್ಗುವ ಜನರಲ್ಲ. ಷರತ್ತು ಹಾಕಿದರು. ಎರಡನೆಯ ಪ್ರತಿ ಎಲ್ಲಿಯೂ ಇರಕೂಡದು. ಒಂದು ಮನೆಯ ಗರಿಯನ್ನು ಆ ಮನೆಯವರು ಎದುರಿಗೆ ಕೂತಿದ್ದಾಗ ಮಾತ್ರ ತೆಗೆಯಬೇಕು. ಯಾರಾದರೂ ಕದ್ದು ತೆಗೆಯಲು ನೋಡಿ ಐದು ಸಲ ಪಾಸ್‌ವರ್ಡ್ ತಪ್ಪಿದರೆ ಪೆಟ್ಟಿಗೆ ತನ್ನನ್ನು ತಾನೇ ಅಳಿಸಿಕೊಳ್ಳಬೇಕು.

"ಕಂಡವರ ಕೈಗೆ ಸಿಗುವುದಕ್ಕಿಂತ ಇಲ್ಲವಾಗಲಿ" ಎಂದಿದ್ದರು.

ಗುರುಗಳು ಹಾಗೆಯೇ ಮಾಡಿಸಿದರು. ಕೊಟ್ಟ ಮಾತನ್ನು ಅಕ್ಷರಕ್ಕೆ ಅಕ್ಷರ ನಡೆಸುವವರು ಅವರು.

ನಕಲು ಮುಗಿದ ಮೇಲೆ, ಪದ್ಧತಿಯಂತೆ, ಜೀರ್ಣವಾದ ಗರಿಗಳಿಗೆ ಅರಿಶಿನ ಕುಂಕುಮ ಹಚ್ಚಿ ಹೊಳೆಗೆ ಬಿಟ್ಟರು. ಅಲ್ಲಿಗೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿತು.

ಗರಿಗಳನ್ನು ಟೈಪ್ ಮಾಡಿದವನು ಶಿಷ್ಯ ವಾಮದೇವ. ಆಶ್ರಮಕ್ಕೆ ಬರುವ ಮೊದಲು ಒಂಬತ್ತು ವರ್ಷ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿದ್ದ. ಕೀಬೋರ್ಡ್ ನೋಡದೆ ಹೊಡೆಯುತ್ತಿದ್ದ. ಎದುರು ಕೂತವರ ಜೊತೆ ಮಾತಾಡುತ್ತಲೂ ಹೊಡೆಯುತ್ತಿದ್ದ. ತಾನು ಒಳ್ಳೆಯ ಕೆಲಸಗಾರ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದು ಸುಳ್ಳೂ ಅಲ್ಲ.

ಪಾಸ್‌ವರ್ಡ್ ಮಾತ್ರ ಅವನ ಬಳಿ ಇರಲಿಲ್ಲ. ಪೆಟ್ಟಿಗೆ ತೆರೆಯಬೇಕಾದಾಗ ಗುರುಗಳೇ ಬಂದು ತೆರೆಯುತ್ತಿದ್ದರು.

ಆ ವರ್ಷ ಗುರುಗಳ ಕಣ್ಣು ಮಬ್ಬಾಯಿತು.

ಮಾರ್ಗಶಿರದ ಒಂದು ಮುಂಜಾನೆ, ಹೊಳೆಯ ಮೇಲೆ ಮಂಜು ಕವಿದಿದ್ದಾಗ, ಮೊದಲ ದೋಣಿಯಲ್ಲಿ ಹಾಲವ್ವ ಬಂದಳು. ಆಚೆ ದಡದ ಊರಿನವಳು, ದನದ ಮದ್ದಿಗೆ ಹೆಸರಾದವಳು.

"ಎಮ್ಮೆ ಕೆಚ್ಚಲು ಕಲ್ಲಾಗೈತೆ ಅಯ್ನೋರೆ" ಎಂದಳು. "ನಮ್ಮವ್ವ ಏಳು ಬೇರು ಅರೆದು ಹಚ್ತಿದ್ಲು. ಆರು ನೆನಪೈತೆ. ಏಳನೇದು ಉತ್ತರಾಣಿ ಅಂತ ಮನಸ್ಸು ಹೇಳ್ತೈತೆ, ಕೈ ಬ್ಯಾಡ ಅಂತೈತೆ. ನಮ್ಮ ಗರಿ ತೆಗೆದು ಒಂದ್ಸಲ ಓದಿ ಹೇಳಿ."

ಗುರುಗಳು ವಾಮದೇವನನ್ನು ಕರೆದರು. ಅವನ ಕಿವಿಯಲ್ಲಿ ಪಾಸ್‌ವರ್ಡ್ ಹೇಳಿದರು. ಹನ್ನೊಂದು ಇಂಗ್ಲಿಷ್ ಅಕ್ಷರ.

"ಇನ್ನು ಮೇಲೆ ಇದು ನಿನ್ನ ಕೆಲಸ" ಎಂದರು.

ವಾಮದೇವ ಹಾಲವ್ವನ ಕಡೆ ತಿರುಗಿದ. "ಕೂತ್ಕೊಳ್ಳಿ ಹಾಲವ್ವ. ನೀವು ಒಂದು ಎಲೆ ಅಡಿಕೆ ಹಾಕ್ಕೊಳ್ಳೋದ್ರೊಳಗೆ ಬೇರಿನ ಹೆಸರು ನಿಮ್ಮ ಕೈಲಿರುತ್ತೆ."

ಅವಳು ಬಾಗಿಲ ಬಳಿ ಕೂತು ಚೀಲ ಬಿಚ್ಚಿದಳು.

ಕಂಪ್ಯೂಟರ್ ಬಹಳ ಸರಳದ್ದು. ಅಲಂಕಾರದ ಚಿತ್ರಗಳನ್ನೆಲ್ಲ ಗುರುಗಳು ತೆಗೆಸಿದ್ದರು. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರ. ಆಜ್ಞೆ ಟೈಪ್ ಮಾಡಬೇಕು, ಉತ್ತರ ಓದಬೇಕು. ಕೀಬೋರ್ಡಿಗೆ ಎರಡು ಲೇಔಟ್ ಇದ್ದವು. ಒಂದರಲ್ಲಿ ಅದೇ ಕೀಲಿಗಳು ಇಂಗ್ಲಿಷ್ ಅಕ್ಷರ ಕೊಡುತ್ತಿದ್ದವು, ಇನ್ನೊಂದರಲ್ಲಿ ಕನ್ನಡ. ಸ್ಪೇಸ್ ಪಟ್ಟಿಯ ಬಲಕ್ಕಿದ್ದ ಆಲ್ಟ್ ಕೀಲಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು, ಮತ್ತೆ ಒತ್ತಿದರೆ ಹಿಂದಕ್ಕೆ ಬರುತ್ತಿತ್ತು.

ವಾಮದೇವ ಪೆಟ್ಟಿಗೆ ತೆರೆಯುವ ಆಜ್ಞೆ ಹೊಡೆದ. ಅದು ಇಂಗ್ಲಿಷಿನಲ್ಲಿ ಸರಿಯಾಗಿ ಮೂಡಿತು. ಪೆಟ್ಟಿಗೆ ಪಾಸ್‌ವರ್ಡ್ ಕೇಳಿತು.

ಪಾಸ್‌ವರ್ಡ್ ಹೊಡೆಯುವಾಗ ಆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಅಕ್ಷರವೂ ಇಲ್ಲ, ಚುಕ್ಕೆಯೂ ಇಲ್ಲ. ಕೈ ಏನು ಮಾಡಿತೋ ಕೈಗೇ ಗೊತ್ತು.

ಅವನು ಹೊಡೆದ. ಪೆಟ್ಟಿಗೆ ಹೇಳಿತು: ತಪ್ಪು. ಉಳಿದದ್ದು ನಾಲ್ಕು.

"ಒಂದಕ್ಷರ ಜಾರಿತು" ಎಂದ.

ಮತ್ತೆ ಆಜ್ಞೆ ಕೊಟ್ಟ, ಮತ್ತೆ ಹೊಡೆದ. ತಪ್ಪು. ಉಳಿದದ್ದು ಮೂರು.

"ಚಳಿ. ಬೆರಳು ಸೆಟೆದಿದೆ."

ಕೈ ಉಜ್ಜಿಕೊಂಡು ಮೂರನೆಯ ಸಲ, ನಿಧಾನವಾಗಿ, ಹನ್ನೊಂದು ಅಕ್ಷರವನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಹೊಡೆದ. ತಪ್ಪು. ಉಳಿದದ್ದು ಎರಡು.

"ಎಲೆ ಅಡಿಕೆ ಮುಗೀತು ತಮ್ಮಾ" ಎಂದಳು ಹಾಲವ್ವ. "ಇನ್ನೊಂದು ಹಾಕ್ಕೊಳ್ಳಲಾ, ಇಲ್ಲಾ ಊಟ ಮುಗಿಸ್ಕೊಂಡೇ ಬರಲಾ?"

ವಾಮದೇವ ಪರದೆಯನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

ಗುರುಗಳು ಅವನ ಬೆನ್ನ ಹಿಂದೆ ನಿಂತಿದ್ದರು. "ಹೊಡೆಯುವಾಗ ಯಾವ ಲೇಔಟ್ ಚಾಲ್ತಿಯಲ್ಲಿತ್ತು?" ಎಂದು ಕೇಳಿದರು.

"ಇಂಗ್ಲಿಷ್, ಗುರುಗಳೇ."

"ಹೇಗೆ ಗೊತ್ತು?"

"ಆಜ್ಞೆ ಇಂಗ್ಲಿಷಿನಲ್ಲೇ ಮೂಡಿತಲ್ಲ. ತಾವೂ ನೋಡಿದ್ರಿ."

"ಆಜ್ಞೆ ಹೊಡೆಯುವಾಗಿನ ಮಾತಲ್ಲ ನಾನು ಕೇಳಿದ್ದು."

"ಎರಡಕ್ಕೂ ನಡುವೆ ಉಸಿರು ಬಿಡುವಷ್ಟು ಹೊತ್ತೂ ಇಲ್ಲ ಗುರುಗಳೇ. ಅಷ್ಟರಲ್ಲಿ ಬದಲಾಗುತ್ತಾ?"

"ಕೇಳಿ ನೋಡು."

ಶಿಷ್ಯನಿಗೆ ಇದು ಬಲು ಸುಲಭದ ಕೆಲಸ. ಅವನು ಕೀಬೋರ್ಡಿನ ವಿವರ ಕೇಳುವ ಆಜ್ಞೆ, setxkbmap -query ಎಂದು ಹೊಡೆದ. ಮೂರ್ನಾಲ್ಕು ಸಾಲಿನ ಉತ್ತರ ಬಂತು. ಲೇಔಟ್ ಎಂಬ ಸಾಲಿನಲ್ಲಿ us,in ಎಂದಿತ್ತು.

"ನೋಡಿ. ಮೊದಲನೆಯದು ಇಂಗ್ಲಿಷ್, ಎರಡನೆಯದು ಕನ್ನಡ. ಮೊದಲಿಗೆ ಇಂಗ್ಲಿಷೇ ಇದೆ."

"ಎರಡರ ಹೆಸರೂ ಇದೆ" ಎಂದರು ಗುರುಗಳು.

"ಎರಡನ್ನೂ ಹಾಕಿಟ್ಟಿದ್ದೀವಲ್ಲ, ಅದಕ್ಕೆ."

"ಹಾಕಿಟ್ಟದ್ದು ಯಾವುದು ಅಂತ ನಾನು ಕೇಳಲಿಲ್ಲ."

ವಾಮದೇವನಿಗೆ ಗುರುಗಳು ಮಾತು ಬೆಳೆಸುತ್ತಿದ್ದಾರೆ ಎನಿಸಿತು. ಬಾಗಿಲಲ್ಲಿ ಕೂತ ಹೆಂಗಸಿಗೆ ಮುಖ ತೋರಿಸಬೇಕಾಗಿತ್ತು. ಯೋಚನೆಗಿಂತ ಮುಂಚೆ ಅವನ ಕೈ ಓಡಿತು. ಆಜ್ಞೆ ಕೊಟ್ಟ, ಪಾಸ್‌ವರ್ಡ್ ಹೊಡೆದ.

ತಪ್ಪು. ಉಳಿದದ್ದು ಒಂದು.



ಹಾಲವ್ವ ಎದ್ದು ಬಂದು ಪರದೆಯನ್ನು ನೋಡಿದಳು. ಅವಳಿಗೆ ಇಂಗ್ಲಿಷ್ ಬಾರದು. ಒಂದು ಎಂಬ ಅಂಕಿ ಗೊತ್ತಾಯಿತು. "ಇದೂ ತಪ್ಪಿದ್ರೆ?"

"ಎಲ್ಲ ಹೋಗುತ್ತೆ" ಎಂದರು ಗುರುಗಳು. "ನಿನ್ನದು, ಉಳಿದ ಹದಿನಾರು ಮನೆಯವರದು."

"ಹಂಗಾದ್ರೆ ಅವನ ಕೈ ಕಟ್ಟಿ ಹಾಕಿ ಅಯ್ನೋರೆ" ಎಂದಳು. ತಮಾಷೆಗೆ ಹೇಳಿದ್ದಲ್ಲ.

ವಾಮದೇವ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತ. ಒಳಗೆ ಕುದಿಯುತ್ತಿದ್ದ ಮಾತು ಹೊರಗೆ ಬಂತು.

"ಗುರುಗಳೇ, ತಪ್ಪು ತಿಳೀಬೇಡಿ. ನನ್ನ ಕೈ ನಾಲ್ಕು ಸಲ ತಪ್ಪೋ ಕೈಯಲ್ಲ. ಪೆಟ್ಟಿಗೆ ತೆರೆದು ಏಳು ತಿಂಗಳಾಯ್ತು. ಪಾಸ್‌ವರ್ಡನ್ನ ತಾವು ಮರೆತಿದ್ದೀರಿ."

ಹಾಲವ್ವ ಎರಡನೆಯ ಎಲೆ ಅಗಿಯುವುದನ್ನು ನಿಲ್ಲಿಸಿದಳು. ಗುರುಗಳ ಎದುರಿಗೆ ಹೀಗೆ ಮಾತಾಡುವುದನ್ನು ಅವಳು ಕಂಡಿರಲಿಲ್ಲ.

ಮರುಳಯ್ಯನವರ ಮುಖ ಇದ್ದ ಹಾಗೇ ಇತ್ತು. "ಇರಬಹುದು" ಎಂದರು. "ಬಾ, ದಂಡೆಗೆ ಹೋಗಿ ಬರೋಣ."

"ಈಗಲಾ?"

"ಇಲ್ಲೇ ಕೂತರೆ ನೀನು ಐದನೇ ಸಲ ಹೊಡೀತೀಯ."

ಅದು ನಿಜವಾದ್ದರಿಂದ ಅವನು ಹಿಂದೆ ನಡೆದ.

ದೋಣಿಗಟ್ಟೆಯ ಕಂಬಕ್ಕೆ ಒಂದು ತಗಡಿನ ಫಲಕ ಹೊಡೆದಿದ್ದರು. ಅದರ ಮೇಲೆ ದೋಣಿ ಮುಟ್ಟುವ ಎರಡು ಊರುಗಳ ಹೆಸರು. ಕೆಳಗೆ ಅಂಬಿಗ ನೀಲಪ್ಪ ದೋಣಿಗೆ ಜನ ಹತ್ತಿಸಿಕೊಳ್ಳುತ್ತಿದ್ದ. ಹೊಸ ಪಂಚೆ, ಹೊಸ ಸೀರೆಯ ಐದಾರು ಮಂದಿ, ಕೈಯಲ್ಲಿ ಹೂವು ಹಣ್ಣಿನ ಬುಟ್ಟಿ. ಹೆಣ್ಣು ನೋಡಲು ಹೊರಟವರು.

ನೀಲಪ್ಪ ಗುರುಗಳಿಗೆ ಕೈ ಮುಗಿದು ದೋಣಿ ನೂಕಿದ. ನಾಲ್ಕು ಹುಟ್ಟು ಹಾಕುವುದರೊಳಗೆ ದೋಣಿ ಮಂಜಿನಲ್ಲಿ ಕರಗಿತು. ಒಳಗಿನಿಂದ ಅವನ ಕೂಗು ಬಂತು. ಒಂದೇ ಸ್ವರದ, ಉದ್ದನೆಯ "ಹೋ".

ಗುರುಗಳು ಮೆಟ್ಟಿಲ ಮೇಲೆ ಕೂತರು. ವಾಮದೇವನನ್ನೂ ಕೂರಿಸಿಕೊಂಡರು.

"ಪ್ರೆಸ್ಸಿನಲ್ಲಿ ದಿನಕ್ಕೆ ಎಷ್ಟು ಪತ್ರಿಕೆ ಮಾಡ್ತಿದ್ದೆ?"

ಈ ಹೊತ್ತಿನಲ್ಲಿ ಈ ಪ್ರಶ್ನೆ ಯಾಕೆ ಎಂದು ವಾಮದೇವನಿಗೆ ತಿಳಿಯಲಿಲ್ಲ. ಆದರೂ ಅವನಿಗೆ ಇಷ್ಟದ ವಿಷಯ.

"ಲಗ್ನದ ಕಾಲದಲ್ಲಿ ಹದಿನೈದು, ಇಪ್ಪತ್ತು. ಒಂದೊಂದರಲ್ಲಿ ನೂರು ಹೆಸರು. ಸೋದರಮಾವಂದಿರು, ಅತ್ತೆ ಮಾವಂದಿರು, ಬರಲಾಗದೆ ಮೇಲಿಂದಲೇ ಹರಸುವವರು. ಒಬ್ಬರ ಹೆಸರು ಬಿಟ್ಟರೂ ಮದುವೆ ಮನೆಯಲ್ಲಿ ಜಗಳ. ಒಂದು ಸಲ ಗಂಡಿನ ದೊಡ್ಡಪ್ಪನ ಹೆಸರು ಸಣ್ಣ ಅಕ್ಷರದಲ್ಲಿ ಬಂತು ಅಂತ ಪ್ರೆಸ್ಸಿಗೇ ಬಂದು ಕೂತುಬಿಟ್ಟಿದ್ರು. ಮಾಲೀಕರು ಕಾಫಿ ತರಿಸಿ, ದೊಡ್ಡ ಅಕ್ಷರದಲ್ಲಿ ಒಂದೇ ಒಂದು ಪತ್ರಿಕೆ ಬೇರೆ ಹೊಡೆಸಿ ಕೊಟ್ಟು ಕಳಿಸಿದ್ರು."

"ಅದನ್ನ ಅವರು ಯಾರಿಗೆ ತೋರಿಸಿದ್ರಂತೆ?"

"ಬೀಗರಿಗೆ ಅಂತ ಕಾಣುತ್ತೆ."

ಗುರುಗಳು ನಕ್ಕರು. ವಾಮದೇವನೂ ಸ್ವಲ್ಪ ಸಡಿಲಾದ. ಮಾತು ಮುಂದುವರಿಯಿತು. ಪ್ರೆಸ್ಸಿನ ಮಾಲೀಕ, ಅವರ ಕೋಪ, ಕರೆಂಟು ಹೋದಾಗ ಅರ್ಧಕ್ಕೆ ನಿಂತ ಪತ್ರಿಕೆಗಳು. ನೀಲಪ್ಪನ ಕೂಗು ಆಗಾಗ ಬರುತ್ತಿತ್ತು. ವಾಮದೇವನ ಕಿವಿ ಅದನ್ನು ಬಿಟ್ಟುಬಿಟ್ಟಿತ್ತು.

ನಡುವೆ ಗುರುಗಳು ಕೇಳಿದರು. "ದೋಣಿ ಎಲ್ಲಿದೆ?"

ವಾಮದೇವ ಫಲಕದ ಕಡೆ ಕೈ ತೋರಿಸಿದ. "ಈ ಊರಿಂದ ಆ ಊರಿಗೆ ಹೋಗಿದೆ."

"ಅವು ದೋಣಿ ಮುಟ್ಟುವ ಊರುಗಳು. ದೋಣಿ ಎಲ್ಲಿದೆ?"

"ಹೊರಟು ಬಹಳ ಹೊತ್ತಾಯ್ತು ಗುರುಗಳೇ. ಆಚೆ ದಡ ಮುಟ್ಟಿ ಜನ ಇಳಿದಿರ್ತಾರೆ."

"ಕಂಡೆಯಾ?"

"ಹೊರಟಿದ್ದನ್ನ ಕಣ್ಣಾರೆ ಕಂಡೆನಲ್ಲ. ಹೊರಟ ದೋಣಿ ಇನ್ನೆಲ್ಲಿಗೆ ಹೋಗುತ್ತೆ?"

ಆಗ ಮಂಜಿನೊಳಗಿಂದ ಆ ಉದ್ದನೆಯ ಕೂಗು ಮತ್ತೆ ಬಂತು. ದೂರದಿಂದಲ್ಲ. ಹತ್ತು ಮಾರಿನಿಂದ.

ದೋಣಿಯ ಮೂತಿ ಮಂಜನ್ನು ಸೀಳಿಕೊಂಡು ಹೊರಬಂತು. ಅದೇ ಹೊಸ ಪಂಚೆ, ಅದೇ ಹೊಸ ಸೀರೆ. ಎಲ್ಲರ ಮುಖವೂ ಸೊಟ್ಟಗಾಗಿತ್ತು.

"ಏನಾಯ್ತೋ ನೀಲಪ್ಪ?" ಎಂದರು ಗುರುಗಳು.

"ಇನ್ನೇನಾಗಬೇಕು ಅಯ್ನೋರೆ. ನಡುಹೊಳೆಗೆ ಹೋದ ಮೇಲೆ ತಲೆ ಎಣಿಸವ್ರೆ. ಹೆಣ್ಣು ನೋಡೋಕೆ ಹೊರಟೋರು ಗಂಡನ್ನೇ ದಂಡೆ ಮೇಲೆ ಬಿಟ್ಟು ಬಂದವ್ರೆ. ಕ್ಷೌರ ಮಾಡಿಸ್ಕೊಂಡು ಬತ್ತೀನಿ ಅಂತ ಹೋಗಿತ್ತಂತೆ."

ಬುಟ್ಟಿ ಹಿಡಿದ ಹಿರಿಯರೊಬ್ಬರು ಗೊಣಗಿದರು. "ಬಂದವ್ನೆ ಅಂತ್ಲೇ ಎಲ್ರೂ ಅಂದ್ಕೊಂಡಿದ್ವಿ."

ನೀಲಪ್ಪ ವಾಮದೇವನನ್ನು ನೋಡಿದ. "ನೀವೇನ್ ಸಾಮಿ, ದೆವ್ವ ಕಂಡೋರಂಗೆ ನೋಡ್ತಿದ್ದೀರಿ? ತಿರುಗಿದಾಗ್ಲಿಂದ ಕೂಗ್ಕೊಂಡೇ ಬತ್ತಿದ್ದೀನಿ. ಕಿವಿ ಎಲ್ಲಿಟ್ಟಿದ್ರಿ?"



"ಮಂಜಿದ್ದಾಗ ಎಷ್ಟು ಸಲ ಕೂಗ್ತೀಯ?" ಗುರುಗಳು ಕೇಳಿದರು.

"ಹತ್ತು ಹುಟ್ಟಿಗೆ ಒಂದ್ಸಲ. ದಡ ಮುಟ್ಟೋವರೆಗೂ. ಹೊರಟಾಗ ಒಂದ್ಸಲ ಕೂಗಿ ಬಾಯಿ ಮುಚ್ಕೊಂಡ್ರೆ, ತೆಪ್ಪದಲ್ಲಿ ಮೀನು ಹಿಡಿಯೋರು ನನ್ನ ದೋಣಿ ಅಡಿಗೆ ಬತ್ತಾರೆ. ಹೊರಡುವಾಗ ನಾನೆಲ್ಲಿದ್ದೆ ಅಂತ ತಿಳ್ಕೊಂಡು ಅವರಿಗೇನಾಗಬೇಕು?"

ಅಷ್ಟು ಹೇಳಿ ಅವನು ಹೊಸದಾಗಿ ಬಂದ ನುಣ್ಣನೆ ಕೆನ್ನೆಯವನೊಬ್ಬನನ್ನು ಕೈ ಹಿಡಿದು ದೋಣಿಗೆ ಹತ್ತಿಸಿಕೊಂಡ.

ವಾಮದೇವ ಆಗಲೇ ಮೆಟ್ಟಿಲು ಹತ್ತುತ್ತಿದ್ದ.

ಕೋಣೆಗೆ ಬಂದವನು ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಪರದೆಯ ಮೇಲೆ ಬೇರೆ ಕಿಟಕಿ ತೆರೆದು ಆಜ್ಞೆಗಳ ಕೈಪಿಡಿ ಓದತೊಡಗಿದ. ತನ್ನ ಮೊದಲ ಪ್ರಶ್ನೆಯಲ್ಲಿ ಏನು ಕೊರತೆ ಎಂದು ಅವನಿಗೆ ಈಗ ಸ್ಪಷ್ಟವಿತ್ತು. setxkbmap ಫಲಕದ ಹಾಗೆ. ಎರಡು ದಡದ ಹೆಸರು ಹೇಳುತ್ತದೆ, ಸುಳ್ಳು ಹೇಳುವುದಿಲ್ಲ, ದೋಣಿಯ ಸುದ್ದಿ ಎತ್ತುವುದಿಲ್ಲ. ಬೇಕಾದದ್ದು ದೋಣಿಯ ಸುದ್ದಿ ಹೇಳುವ ಆಜ್ಞೆ.

ಹಾಲವ್ವ ಬಾಗಿಲಲ್ಲೇ ಇದ್ದಳು. "ಏನು ಓದ್ತೈತೆ ಈ ತಮ್ಮ?"

"ಯಾರನ್ನ ಕೇಳಬೇಕು ಅಂತ ಹುಡುಕ್ತಿದ್ದಾನೆ" ಎಂದರು ಗುರುಗಳು.

"ಮೊದಲೇ ಹುಡುಕಬಾರದಾಗಿತ್ತಾ?"

"ಹೌದು" ಎಂದ ವಾಮದೇವ, ಪರದೆಯಿಂದ ಕಣ್ಣು ತೆಗೆಯದೆ.

xset -q ಎಂಬ ಆಜ್ಞೆ ಸಿಕ್ಕಿತು. ಅದು ಉದ್ದನೆಯ ಉತ್ತರ ಕೊಡುತ್ತದೆ. ಅದರಲ್ಲಿ ಕೀಬೋರ್ಡಿನ ದೀಪಗಳ ಲೆಕ್ಕ ಹೇಳುವ ಒಂದು ಸಾಲು, ಆ ಸಾಲಿನ ಕೊನೆಗೆ ಎಂಟು ಅಂಕಿ. ಲೇಔಟ್ ಬದಲಾದರೆ ಈ ಅಂಕಿಗಳೂ ಬದಲಾಗುತ್ತವೆ ಎಂದಿತ್ತು ಕೈಪಿಡಿ. ಆ ಹೊತ್ತಿಗೆ ಎಂಟೂ ಸೊನ್ನೆಯಾಗಿದ್ದವು.

ಕೈಪಿಡಿಯ ಮಾತನ್ನು ಅವನು ಹಾಗೇ ನಂಬಲಿಲ್ಲ. ಗೊತ್ತಿರುವ ತೂಕದ ಕಲ್ಲಿಟ್ಟು ತಕ್ಕಡಿ ಪರೀಕ್ಷೆ ಮಾಡಿದ ಹಾಗೆ ಪರೀಕ್ಷೆ ಮಾಡಿದ. ಕಾಣುವ ಕಡೆ ಒಂದು ಅಕ್ಷರ ಹೊಡೆದ. ಇಂಗ್ಲಿಷ್ ಅಕ್ಷರ ಮೂಡಿತು. ಅಂಕಿ ನೋಡಿದ. ಎಲ್ಲವೂ ಸೊನ್ನೆ. ಬಲಗಡೆಯ ಆಲ್ಟ್ ಒತ್ತಿ ಅದೇ ಕೀಲಿ ಹೊಡೆದ. ಕನ್ನಡದ ಕ ಮೂಡಿತು. ಬಲದಿಂದ ನಾಲ್ಕನೆಯ ಸೊನ್ನೆ ಒಂದಾಗಿತ್ತು. ಮತ್ತೆ ಒತ್ತಿದ. ಒಂದು ಹೋಗಿ ಸೊನ್ನೆ ಬಂತು. ಹೀಗೆ ಆರು ಸಲ ಮಾಡಿದ. ಆರು ಸಲವೂ ತಪ್ಪಲಿಲ್ಲ.

"ಈ ಅಂಕಿ ಸುಳ್ಳು ಹೇಳಲ್ಲ" ಎಂದ.

"ಸರಿ, ಈಗ ಏನನ್ನುತ್ತೆ?" ಎಂದರು ಗುರುಗಳು.

"ಈಗ ಇಂಗ್ಲಿಷ್. ಆದರೆ ಈಗಿನದ್ದು ಮುಖ್ಯ ಅಲ್ಲ. ಅಲ್ಲಿ ಹೊಡೆಯುವಾಗ ಏನಿರುತ್ತೆ, ಅದು ಬೇಕು."

ಗುರುಗಳು ಕುರ್ಚಿಯೊಂದನ್ನು ಎಳೆದು ಕೂತರು.

ವಾಮದೇವ ಪರದೆಯನ್ನು ಎರಡು ಭಾಗ ಮಾಡಿದ. ಎಡಗಡೆಯ ಕಿಟಕಿಯಲ್ಲಿ watch ಎಂಬ ಆಜ್ಞೆಗೆ ಕೆಲಸ ವಹಿಸಿದ: ಸೆಕೆಂಡಿಗೊಮ್ಮೆ xset -q ಕೇಳುತ್ತಿರು, ಆ ಒಂದು ಸಾಲು ತೋರಿಸುತ್ತಿರು, ನಾನು ಸಾಕು ಅನ್ನುವವರೆಗೂ ನಿಲ್ಲಿಸಬೇಡ. ಎಂಟು ಸೊನ್ನೆಗಳು ಅಲ್ಲಿ ನಿಂತವು.

ಬಲಗಡೆಯ ಕಿಟಕಿಯಲ್ಲಿ ಪೆಟ್ಟಿಗೆ ತೆರೆಯುವ ಆಜ್ಞೆ ಕೊಟ್ಟ. ಇಂಗ್ಲಿಷಿನಲ್ಲಿ ಮೂಡಿತು. ಎಡಗಡೆ ಸೊನ್ನೆಗಳೇ. ಪೆಟ್ಟಿಗೆ ಪಾಸ್‌ವರ್ಡ್ ಕೇಳಿತು. ಖಾಲಿ ಜಾಗದಲ್ಲಿ ಕರ್ಸರ್ ಮಿನುಗಿತು.

ಅವನು ಕೈಗಳನ್ನು ಕೀಬೋರ್ಡಿನ ಮೇಲಿಟ್ಟ. ಮೊದಲ ಅಕ್ಷರವನ್ನು ಮನಸ್ಸಿಗೆ ತಂದುಕೊಂಡ. ಇನ್ನೂ ಹೊಡೆದಿರಲಿಲ್ಲ.

ಎಡಗಡೆ, ಸೊನ್ನೆಗಳ ನಡುವೆ, ಒಂದು ಎಂಬ ಅಂಕಿ ಕಾಣಿಸಿತು.

ಅವನು ಕಣ್ಣು ಕೆಳಗಿಳಿಸಿ ತನ್ನ ಕೈಗಳನ್ನು ನೋಡಿದ. ಹಾಗೆ ನೋಡಿ ಎಷ್ಟು ವರ್ಷವಾಗಿತ್ತೋ. ಬಲಗೈಯ ಹೆಬ್ಬೆರಳು ಆಲ್ಟ್ ಕೀಲಿಯ ಮೇಲೆ ಆರಾಮವಾಗಿ ಮಲಗಿತ್ತು.

"ಏನಾಯ್ತು ತಮ್ಮಾ?" ಹಾಲವ್ವ ಕೇಳಿದಳು.

"ನಾನು ಒತ್ತಲಿಲ್ಲ ಹಾಲವ್ವ" ಎಂದ. ಆಮೇಲೆ ತಿದ್ದಿಕೊಂಡ. "ಒತ್ತಿದ್ದು ನನಗೆ ಗೊತ್ತಾಗಲಿಲ್ಲ."

ಲಗ್ನಪತ್ರಿಕೆಯೆಲ್ಲ ಕನ್ನಡ. ಗಂಡಿನ ಹೆಸರಿನ ಪಕ್ಕದಲ್ಲಿ ಮಾತ್ರ, ಅವನು ಓದಿದ್ದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಬೇಕು. ಆ ಖಾಲಿ ಜಾಗ ಬಂದೊಡನೆ ಹೆಬ್ಬೆರಳು ಒಂದು ಸಲ ಒತ್ತುತ್ತದೆ. ಬಿ.ಎ., ಬಿ.ಕಾಂ., ಏನಿದೆಯೋ ಅದನ್ನು ಹೊಡೆದ ಕೂಡಲೇ ಇನ್ನೊಂದು ಸಲ ಒತ್ತಿ ಕನ್ನಡಕ್ಕೆ ವಾಪಸಾಗುತ್ತದೆ. ಒಂಬತ್ತು ವರ್ಷ, ಸಾವಿರಾರು ಗಂಡುಗಳು. ಹೆಬ್ಬೆರಳು ಯಜಮಾನನನ್ನು ಕೇಳುವುದನ್ನು ಎಂದೋ ಬಿಟ್ಟಿತ್ತು.

ಇಲ್ಲಿಯೂ ಅದೇ ಆಗಿತ್ತು. ಇಂಗ್ಲಿಷ್ ಹೊಡೆಯಬೇಕಾದ ಖಾಲಿ ಜಾಗ ಕಂಡಿತು, ಹೆಬ್ಬೆರಳು ಒತ್ತಿತು. ಆದರೆ ಈ ಸಲ ಅದು ಹೊರಟದ್ದು ಇಂಗ್ಲಿಷಿನಿಂದ. ಹಾಗಾಗಿ ಹೋಗಿ ಮುಟ್ಟಿದ್ದು ಕನ್ನಡಕ್ಕೆ. ಹನ್ನೊಂದು ಅಕ್ಷರವೂ ಕನ್ನಡವಾಗಿ ಪೆಟ್ಟಿಗೆಗೆ ಬಿದ್ದವು. ಮುಗಿದ ಮೇಲೆ ಹೆಬ್ಬೆರಳು ಮತ್ತೆ ಒತ್ತಿ ಎಲ್ಲವನ್ನೂ ಇಂಗ್ಲಿಷಿಗೆ ತಂದಿಟ್ಟಿತು. ಅಕ್ಷರ ಕಾಣುವ ಕಡೆ ಹೊಡೆದು ನೋಡಿದಾಗಲೆಲ್ಲ ಎಲ್ಲವೂ ಸರಿಯಾಗಿಯೇ ಇತ್ತು.

ಅವನು ಇದನ್ನು ಬಾಯಿಬಿಟ್ಟು ಹೇಳಿದ, ಒಂದನ್ನೂ ಮುಚ್ಚಿಡದೆ.

ಹಾಲವ್ವ ಯೋಚಿಸಿದಳು. "ನಮ್ಮ ಅತ್ತೆ ಹಂಗೇ. ಅಡಿಗೆ ಮನೆಗೆ ಯಾರೇ ಹೋಗ್ಲಿ, ಹಿಂದಿಂದ ಬಂದು ಸಾರಿಗೊಂದು ಹಿಡಿ ಉಪ್ಪು ಹಾಕೋಳು. ಕೇಳಿದ್ರೆ, ನಾನೆಲ್ಲಿ ಹಾಕ್ದೆ ಅನ್ನೋಳು. ಸುಳ್ಳು ಹೇಳ್ತಿರಲಿಲ್ಲ ಪಾಪ. ಅವಳಿಗೇ ಗೊತ್ತಿರಲಿಲ್ಲ."

"ಹಾಲವ್ವ" ಎಂದ ವಾಮದೇವ. "ಉಳಿದಿರೋದು ಒಂದೇ ಸಲ. ನಾಲ್ಕು ಸಲ ಯಾಕೆ ತಪ್ಪಿತು ಅಂತ ನನಗೀಗ ಗೊತ್ತು. ಐದನೇ ಸಲ ಹೊಡೀಬೇಕು ಅಂತಿದ್ದೀನಿ. ನಿಮ್ಮ ಮನೆ ಗರಿಯೂ ಇದೆ ಇದರಲ್ಲಿ. ಬೇಡ ಅಂದ್ರೆ ಎದ್ದುಬಿಡ್ತೀನಿ."

"ಬೆಳಿಗ್ಗೆ ಕೇಳಿದ್ರೆ ಬ್ಯಾಡ ಅಂತಿದ್ದೆ" ಎಂದಳು. "ಈಗ ಹೊಡಿ. ಆ ಬೆರಳನ್ನ ಮಾತ್ರ ಮೇಲಿಟ್ಕೋ."

ಅವನು ಗುರುಗಳ ಕಡೆ ನೋಡಿದ. ಅವರು ತಲೆಯಾಡಿಸಿದರು.

ವಾಮದೇವ ಆಲ್ಟ್ ಒತ್ತಿದ, ಈ ಸಲ ತಿಳಿದು. ಎಡಗಡೆಯ ಆ ಒಂದು ಅಳಿದು ಸೊನ್ನೆ ಬಂತು. ಹೆಬ್ಬೆರಳನ್ನು ಎತ್ತಿ ಹಿಡಿದುಕೊಂಡ. ಹೊಸದಾಗಿ ಟೈಪಿಂಗ್ ಕಲಿಯುವವನ ಹಾಗೆ ಒಂದೊಂದೇ ಬೆರಳಿನಲ್ಲಿ ಹೊಡೆದ. ಒಂದು ಅಕ್ಷರ ಹೊಡೆದು ಎಡಗಡೆ ನೋಡಿದ. ಸೊನ್ನೆ. ಇನ್ನೊಂದು ಹೊಡೆದು ನೋಡಿದ. ಸೊನ್ನೆ. ಹನ್ನೊಂದಕ್ಕೂ ಹಾಗೇ ಮಾಡಿದ.

ಹನ್ನೊಂದನೆಯದು ಮುಗಿದಾಗ ಹೆಬ್ಬೆರಳು ತಾನಾಗಿಯೇ ಕೆಳಗಿಳಿಯಲು ಹವಣಿಸಿತು. ಅದನ್ನು ಎಡಗೈಯಿಂದ ಹಿಡಿದುಕೊಂಡ.

ಎಡಗಡೆ ಇನ್ನೊಮ್ಮೆ ನೋಡಿದ. ಸೊನ್ನೆಗಳು.

ಎಂಟರ್ ಒತ್ತಿದ.

ಪೆಟ್ಟಿಗೆ ತೆರೆಯಿತು. ಹದಿನೇಳು ಹೆಸರುಗಳು ಪರದೆಯ ಮೇಲೆ ಒಂದರ ಕೆಳಗೊಂದು ಇಳಿದವು.

ಹಾಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ವಾಮದೇವ ಅವಳ ಮನೆತನದ ಗರಿ ತೆಗೆದು ಓದಿದ. ಆರು ಬೇರುಗಳ ಹೆಸರು ಬಂದವು. ಏಳನೆಯದು ಸೊಗದೆ ಬೇರು.

"ಉತ್ತರಾಣಿ ಅಲ್ಲ" ಎಂದಳು ಹಾಲವ್ವ. "ಆಣೆ ಮಾಡ್ತಿದ್ದೆ ನಾನು, ಉತ್ತರಾಣೀನೇ ಅಂತ."

ಎಮ್ಮೆ ಕಾಯುತ್ತಿತ್ತು. ಅವಳು ಇಬ್ಬರಿಗೂ ಕೈ ಮುಗಿದು, ಮುಂದಿನ ದೋಣಿ ಹಿಡಿಯಲು ಬಿರಬಿರನೆ ಹೊರಟುಹೋದಳು.

ವಾಮದೇವ ಪೆಟ್ಟಿಗೆ ಮುಚ್ಚಿದ. ಎಡಗಡೆಯ ಕಿಟಕಿಯನ್ನು ಮಾತ್ರ ಹಾಗೇ ಬಿಟ್ಟ. ಅದು ಸೆಕೆಂಡಿಗೊಮ್ಮೆ ಕೇಳುತ್ತ, ಉತ್ತರ ತೋರಿಸುತ್ತ ಇತ್ತು.

"ಗುರುಗಳೇ, ತಾವು ಪಾಸ್‌ವರ್ಡ್ ಮರೆತಿದ್ದೀರಿ ಅಂದೆ. ಹಾಗನ್ನಬಾರದಿತ್ತು."

"ಅಂದದ್ದರಲ್ಲಿ ತಪ್ಪೇನಿಲ್ಲ. ಏಳು ತಿಂಗಳು ಕಡಿಮೆ ಹೊತ್ತಲ್ಲ. ನನ್ನ ವಯಸ್ಸೂ ಕಡಿಮೆಯಲ್ಲ."

"ಆದರೆ ನನ್ನ ಹೆಬ್ಬೆರಳಿನ ಆಟ ತಮಗೆ ಮೊದಲೇ ತಿಳಿದಿತ್ತು. ಬೆನ್ನ ಹಿಂದೆಯೇ ನಿಂತಿದ್ರಿ. ನಾನೇ ಕಂಡುಕೊಳ್ಳಲಿ ಅಂತ ಬಾಯಿಬಿಟ್ಟು ಹೇಳಲಿಲ್ಲ. ಹೊಡೆಯುವಾಗ ಯಾವ ಲೇಔಟ್ ಇತ್ತು ಅಂತ ಅದಕ್ಕೇ ಕೇಳಿದ್ರಿ."

ಮರುಳಯ್ಯನವರು ಕನ್ನಡಕ ತೆಗೆದು ಅಂಗವಸ್ತ್ರದ ಅಂಚಿನಿಂದ ಒರೆಸಿದರು.

"ತಿಳಿದಿದ್ದರೆ ನಾಲ್ಕನೇ ಸಲ ಹೊಡೆಯೋಕೆ ಬಿಡ್ತಿದ್ನೇನಪ್ಪ? ನನಗೂ ಗೊತ್ತಿರಲಿಲ್ಲ. ಅದಕ್ಕೇ ಕೇಳಿದ್ದು."